ನಾಲ್ಕನೇ ಸಾಲಿನ ಗುರುತು

ಅಸಿಪಾ ಕಂಪ್ಯೂಟರನ್ನು ಮಗುವಿನ ಕೌದಿಯಲ್ಲಿ ಸುತ್ತಿಕೊಂಡು ತಂದಿದ್ದಳು. ಕಿರ್ಗಿಜ್ ನಾಡಿನ ತಾಶ್-ಕೋರೋ ಹಳ್ಳಿಯಿಂದ ಕೋಕ್-ಬೆಲ್ ಪಟ್ಟಣಕ್ಕೆ ಮೂರೂವರೆ ಗಂಟೆಯ ದಾರಿ, ಅದರಲ್ಲಿ ಅರ್ಧ ಬರೀ ಕಲ್ಲು. ಹಿಂದೆ ಸಾಮಾನಿನ ಜೊತೆ ಹಾಕು ಎಂದು ಮಿನಿಬಸ್ಸಿನ ಡ್ರೈವರ್ ಎಷ್ಟು ಹೇಳಿದರೂ ಕೇಳದೆ ಅಷ್ಟು ದೂರವೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಆರೋಗ್ಯ ಕಚೇರಿಯ ಮೆಟ್ಟಿಲ ಕೆಳಗಿರುವ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ಮರಗಟ್ಟಿ, ಹೊಸಿಲು ದಾಟುವುದಕ್ಕೇ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಬುರುಲ್, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಪ್ರಿಂಟರನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದಳು. "ಇಲ್ಲಿಡು. ಚಹಾ ಕುಡೀತೀಯಾ?"

"ಬೇಡ ಎಜೆ. ಮೊದ್ಲು ಆ ಕಾಗದ ಬರೆದುಕೊಟ್ಟು ಬರ್ತೀನಿ. ಬಾಗಿಲಲ್ಲೇ ಹಿಡಿದು ಹೇಳಿದ್ರು."

ಕಾಗದವೆಂದರೆ ವಿವರಣೆ ಪತ್ರ. ಹೊಸ ಕಂಪ್ಯೂಟರ್ ಎರಡೇ ತಿಂಗಳಲ್ಲಿ ಯಾಕೆ ಕೆಟ್ಟಿತು ಎಂದು ಅಸಿಪಾ ತನ್ನ ಕೈಯಾರೆ ಬರೆದು ಸಹಿ ಹಾಕಿ ಕೊಡಬೇಕು. ತಾಶ್-ಕೋರೋ ದವಾಖಾನೆಯಲ್ಲಿ ಸೂಜಿ ಚುಚ್ಚುವವಳು, ಹೆರಿಗೆ ನೋಡುವವಳು, ನೆಲ ಒರೆಸುವವಳು, ಒಲೆಗೆ ಕಲ್ಲಿದ್ದಲು ಹಾಕುವವಳು ಎಲ್ಲವೂ ಅವಳೇ. ಈಗಾಗಲೇ ಅವಳ ಹೆಸರಿಗೆ ಎರಡು ಛೀಮಾರಿ ಬಿದ್ದಿದ್ದವು. ಒಂದು, ಒಲೆಯ ಮಸಿ ಹೊಕ್ಕು ಹಳೆಯ ಕಂಪ್ಯೂಟರ್ ಸತ್ತದ್ದಕ್ಕೆ. ಇನ್ನೊಂದು, ಗಾಳಿಗೆ ಟವರ್ ಮುರಿದು ಬಿದ್ದು ತಿಂಗಳ ವರದಿ ತಡವಾದದ್ದಕ್ಕೆ. ಗಾಳಿಗೆ ಛೀಮಾರಿ ಕೊಡುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಇನ್ನೂ ಬಂದಿಲ್ಲ, ಹಾಗಾಗಿ ಅಸಿಪಾಳಿಗೇ ಕೊಟ್ಟರು. ಮೂರನೆಯದು ಬಿದ್ದರೆ ಕೆಲಸ ಹೋಗುತ್ತದೆ. ಗಂಡನಿಲ್ಲದ, ಇಬ್ಬರು ಮಕ್ಕಳಿರುವ ಹೆಂಗಸಿಗೆ ಆ ಊರಿನಲ್ಲಿ ಬೇರೆ ಕೆಲಸವೆಂಬುದು ಇಲ್ಲ.

ಬೀಳುವುದೋ ಬಿಡುವುದೋ ಎಂಬುದು ಬುರುಲ್ ಬರೆಯುವ ಒಂದು ಪುಟದ ತಾಂತ್ರಿಕ ವರದಿಯ ಮೇಲೆ ನಿಂತಿತ್ತು. ಊಟದ ಹೊತ್ತಿಗೆ ಮೊದಲು ಅದು ಮುಖ್ಯಸ್ಥರ ಮೇಜಿಗೆ ಹೋಗಬೇಕು.

ಅಸಿಪಾ ಮೇಲೆ ಹೋದ ಮೇಲೆ ಬುರುಲ್ ಕೌದಿ ಬಿಚ್ಚಿದಳು. ಕಂಪ್ಯೂಟರನ್ನು ಚೆನ್ನಾಗಿ ಒರೆಸಿ ತಂದಿದ್ದಳು ಹುಡುಗಿ. ತಂತಿಯ ಪ್ಲಗ್ಗಿನ ಸುತ್ತ ಮಾತ್ರ ಗಾಯಕ್ಕೆ ಹಾಕುವ ಪ್ಲಾಸ್ಟರು ಎರಡು ಸುತ್ತು ಅಂಟಿಕೊಂಡಿತ್ತು. ಅದನ್ನು ನೋಡಿ ಬುರುಲ್ ನಿಟ್ಟುಸಿರು ಬಿಟ್ಟಳು. ಪ್ಲಗ್ಗು ಸಡಿಲ, ಎಳೆದಿದ್ದಾಳೆ, ಕಿತ್ತು ಬಂದಿದೆ, ಆಮೇಲೆ ಅಂಟಿಸಿದ್ದಾಳೆ. ಇಪ್ಪತ್ತು ವರ್ಷದಲ್ಲಿ ಇಂಥವು ಎಷ್ಟು ನೋಡಿಲ್ಲ.

ಐವತ್ತೇಳು ವರ್ಷದ ಬುರುಲ್ ಇಡೀ ಕಚೇರಿಗೂ ಹದಿನಾಲ್ಕು ಹಳ್ಳಿಗಳಿಗೂ ಬುರುಲ್ ಎಜೆ, ಬುರುಲಕ್ಕ. ಶುರುವಿನಲ್ಲಿ ಅವಳು ಗಣಿತದ ಮೇಷ್ಟರು. ಎಂಟು ವರ್ಷ ಭಿನ್ನರಾಶಿ ಹೇಳಿಕೊಟ್ಟು ಗಂಟಲು ಕೂತುಹೋದ ಮೇಲೆ, ಮಾತಾಡಬೇಕಿಲ್ಲದ ಕೆಲಸ ಹುಡುಕಿಕೊಂಡು ಆರೋಗ್ಯ ಕಚೇರಿಗೆ ಬಂದಳು. ಆಗ ಅಲ್ಲಿದ್ದದ್ದು ಎರಡು ಕಂಪ್ಯೂಟರು. ಅವುಗಳ ಹತ್ತಿರ ಹೋಗಲು ಹೆದರದವಳು ಅವಳೊಬ್ಬಳೇ ಆದ್ದರಿಂದ ಅವು ಅವಳ ಕುತ್ತಿಗೆಗೆ ಬಿದ್ದವು. ಕೆಲಸ ಕಲಿಸಿದವನು ಸಂತೆಬೀದಿಯಲ್ಲಿ ಡಿಸ್ಕ್ ಮಾರುತ್ತಿದ್ದ ಮುದುಕ ವಲೇರಾ. ಆಪರೇಟಿಂಗ್ ಸಿಸ್ಟಮ್ಮನ್ನು ಬಿಚ್ಚಿ, ಬಂದ ಅಪ್‌ಡೇಟುಗಳನ್ನೆಲ್ಲ ಅದರ ಹೊಟ್ಟೆಯೊಳಗೇ ಸೇರಿಸಿ, ಮತ್ತೆ ಕಟ್ಟಿ, ಒಂದೇ ಡಿಸ್ಕಿಗೆ ಇಳಿಸಿ ಮಾರುತ್ತಿದ್ದ. ನಮ್ಮ ಕಡೆ ಅದು ಆಗ ಬ್ರೆಡ್ಡಿನಂತೆ ಖರ್ಚಾಗುತ್ತಿದ್ದ ಸಾಮಾನು, ಯಾಕೆಂದರೆ ಇಂಟರ್‌ನೆಟ್ಟು ಎಂಬುದು ಪಟ್ಟಣದಲ್ಲೇ ತೊಟ್ಟಿಕ್ಕುತ್ತಿತ್ತು, ಹಳ್ಳಿಯಲ್ಲಿ ಅದೂ ಇಲ್ಲ. ಇವತ್ತಿಗೂ ತಾಶ್-ಕೋರೋದಲ್ಲಿ ಒಂದು ದೊಡ್ಡ ಅಪ್‌ಡೇಟ್ ಇಳಿಸಿಕೊಳ್ಳಲು ಕೂತರೆ ಎರಡು ದಿನ ಬೇಕು, ನಡುವೆ ಗಾಳಿ ಬೀಸಿದರೆ ಮತ್ತೆ ಸೊನ್ನೆಯಿಂದ.

ಆದ್ದರಿಂದ ಬುರುಲ್ ಪಟ್ಟಣದಲ್ಲೇ ಕೂತು ಒಂದು ಅಚ್ಚು ತಯಾರು ಮಾಡುತ್ತಾಳೆ. ಎಲ್ಲ ಅಪ್‌ಡೇಟುಗಳೂ ಒಳಗೇ ಇರುವ ಒಂದು ಪೂರ್ತಿ ಅಚ್ಚು. ಅದರಿಂದ ಎಷ್ಟು ಕಂಪ್ಯೂಟರ್ ಬೇಕಾದರೂ ಎರಕ ಹೊಯ್ಯಬಹುದು. ಆಮೇಲೆ ಎರಡು ತಿಂಗಳಿಗೊಮ್ಮೆ ಹೊಸ ಅಪ್‌ಡೇಟನ್ನು ಪೆನ್‌ಡ್ರೈವಿಗೆ ಹಾಕಿ, ಊರಿನ ಹೆಸರನ್ನೂ ಹೇಗೆ ಹಾಕಬೇಕೆಂಬುದನ್ನೂ ಬರೆದ ಚೀಟಿ ಅಂಟಿಸಿ, ಮಿನಿಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಾಳೆ.

ಈ ಕೆಲಸದಲ್ಲಿ ಬುದ್ಧಿಗಿಂತ ಬೇಕಾದದ್ದು ಸರದಿ. ಯಾವುದು ಮೊದಲು, ಯಾವುದು ಆಮೇಲೆ. ವಲೇರಾ ಹೇಳಿಕೊಟ್ಟದ್ದನ್ನೂ ಸ್ವತಃ ಕೈ ಸುಟ್ಟುಕೊಂಡು ಕಲಿತದ್ದನ್ನೂ ಸೇರಿಸಿ ಬುರುಲ್ ಒಂದು ನೋಟುಬುಕ್ಕಿನಲ್ಲಿ ಪ್ರತಿ ಅಚ್ಚಿಗೂ ಐದು ಸಾಲು ಬರೆಯುತ್ತಿದ್ದಳು. ಒಂದನೇ ಸಾಲು ಒಂದು ಚಿಕ್ಕ ತುಣುಕು. ಮುಂದೆ ಬರುವ ಅಪ್‌ಡೇಟುಗಳನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ಸಿಸ್ಟಮ್ಮಿಗೇ ಹೇಳಿಕೊಡುವಂಥದ್ದು. ಅದು ಹೋಗದೆ ಉಳಿದವನ್ನು ಕೂಡಿಸಲು ಹೋದರೆ ಬಾಗಿಲಲ್ಲೇ ಜಗಳ. ಎರಡನೇ ಸಾಲು ಭಾಷೆ. ಮೂರನೆಯದು ಆರೋಗ್ಯದ ಪ್ರೋಗ್ರಾಮಿಗೆ ಬೇಕಾದ ಬಿಡಿಭಾಗಗಳು. ನಾಲ್ಕನೆಯದು ತಿಂಗಳ ದಪ್ಪ ಅಪ್‌ಡೇಟು, ಹಿಂದಿನ ಎಲ್ಲವನ್ನೂ ನುಂಗಿಕೊಂಡು ಬಂದದ್ದು. ಇದು ಅಲ್ಲಿಯವರೆಗೆ ಒಳಗೆ ಯಾರ‍್ಯಾರು ಕೂತಿದ್ದಾರೆ ನೋಡಿ ಅವರೆಲ್ಲರನ್ನೂ ಹೊಸದು ಮಾಡುತ್ತದೆ. ಐದನೆಯದು ಕಸ ಗುಡಿಸಿ ಬಾಗಿಲು ಹಾಕುವುದು. ಒಂದೊಂದು ಸಾಲಿನ ಮುಂದೂ ನೀಲಿ ಪೆನ್ನಿನ ಗುರುತು.

ಊರಿನವರಿಗೆ ಇದನ್ನು ವಿವರಿಸುವಾಗ ಬುರುಲ್ ಮಾಂಸದ ತಟ್ಟೆಯ ಮಾತು ತೆಗೆಯುತ್ತಿದ್ದಳು. ಕುರಿ ಕಡಿದ ಮನೆಯಲ್ಲಿ ಎಲುಬುಗಳು ಹೇಗೆಂದರೆ ಹಾಗೆ ಹೋಗುವುದಿಲ್ಲ. ತಲೆ ಯಾರಿಗೆ, ಸೊಂಟದ ಎಲುಬು ಯಾರಿಗೆ, ತೊಡೆ ಯಾರಿಗೆ ಎಂದು ವಯಸ್ಸು ನೋಡಿ, ನಂಟು ನೋಡಿ, ಹಿರಿಯರಿಂದ ಕಿರಿಯರಿಗೆ ಇಳಿಯುತ್ತವೆ. ಒಂದು ಎಲುಬು ಅದಲು ಬದಲಾದರೆ ಹತ್ತು ವರ್ಷ ಮಾತು ಬಿಟ್ಟವರಿದ್ದಾರೆ. "ಕಂಪ್ಯೂಟರೂ ನಮ್ಮೋರ ಥರಾನೇ, ಅದಕ್ಕೂ ಸಿಟ್ಟು ಬರತ್ತೆ," ಎನ್ನುತ್ತಿದ್ದಳು. ಅವಳ ಗಂಡ ಕುಬಾನ್ ಮಾತ್ರ, ನೀನು ಆ ಪೆಟ್ಟಿಗೆಗಳಿಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗ ನನಗೆ ಕೊಟ್ಟಿದ್ದರೆ ಸಾಕಿತ್ತು ಎಂದು ಮೂವತ್ತು ವರ್ಷದಿಂದ ಒಂದೇ ಹಾಸ್ಯ ಮಾಡುತ್ತ ಬಂದಿದ್ದಾನೆ. ಅವಳೂ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಿಜ ಹೇಳಬೇಕೆಂದರೆ ಅವಳಿಗೆ ಸಾಕಾಗಿತ್ತು. ಯಾರ ಮೇಲೂ ಸಿಟ್ಟಿಲ್ಲ, ಸುಮ್ಮನೆ ಸಾಕಾಗಿತ್ತು. ಬೆಳಗ್ಗೆ ಒಬ್ಬರ ಪ್ರಿಂಟರು, ಮಧ್ಯಾಹ್ನ ಇನ್ನೊಬ್ಬರ ಮರೆತ ಪಾಸ್‌ವರ್ಡು, ನಡುವೆ ಫೋನು. ಹೀಗೇ ಇಪ್ಪತ್ಮೂರು ವರ್ಷ ಹೋಗಿತ್ತು. ಏಪ್ರಿಲಿಗೆ ನಿವೃತ್ತಿ. ಐದು ತಿಂಗಳು ಹೇಗೋ ಕಳೆದರೆ ಕಚೇರಿಯವರು ನಿಲುವಂಗಿ ಹೊದಿಸಿ, ಗೌರವಪತ್ರ ಓದಿ ಕಳಿಸಿಕೊಡುತ್ತಾರೆ. ಮೇಷ್ಟರಾಗಿದ್ದ ದಿನಗಳೂ ಸೇರಿ ಮೂವತ್ತೊಂದು ವರ್ಷದ ಸೇವಾ ಪುಸ್ತಕದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ. ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ, ಆದರೆ ಆಗಾಗ ಬೀರು ತೆಗೆದು ಆ ಪುಸ್ತಕವನ್ನು ನೋಡಿ ಇಡುತ್ತಿದ್ದಳು.

ಅಸಿಪಾಳ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಸಿಕ್ಕಿಸಿ ಬುರುಲ್ ಒಳಗಿನ ದಿನಚರಿ ತೆರೆದಳು. ಎಲ್ಲ ಕಂಪ್ಯೂಟರೂ ತಾನು ಏನೇನು ಮಾಡಿದೆ ಎಂದು ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ತಂತಿ ಕಿತ್ತ ಕ್ಷಣವನ್ನು ಹುಡುಕಿ, ಆ ಗಂಟೆಯನ್ನು ವರದಿಗೆ ಇಳಿಸಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಸಿಕ್ಕಿತು. ಬುಧವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ವಿದ್ಯುತ್ತು ಹೋಗಿದೆ.

ಆದರೆ ಅದಕ್ಕೆ ಮೊದಲು ಏನಿದೆ ಎಂದು ಮೇಲೆ ನೋಡುತ್ತ ಹೋದವಳ ಕೈ ನಿಂತಿತು. ಸೋಮವಾರ ಬೆಳಗ್ಗೆ ಒಂಬತ್ತೂ ಐದಕ್ಕೆ ನವೆಂಬರಿನ ಅಪ್‌ಡೇಟು ಶುರುವಾಗಿದೆ. ನೂರರಲ್ಲಿ ಮೂವತ್ತೈದು ಭಾಗ ಹೋಗಿ, ಆಗಲಿಲ್ಲ ಎಂದು ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡು, ತಾನಾಗಿ ಆರಿ ಹತ್ತಿದೆ. ಮತ್ತೆ ಶುರು. ಮತ್ತೆ ಮೂವತ್ತೈದು. ಮತ್ತೆ ಹಿಂದಕ್ಕೆ. ಬುರುಲ್ ಎಣಿಸಿದಳು. ಬುಧವಾರ ವಿದ್ಯುತ್ತು ಹೋಗುವ ಹೊತ್ತಿಗೆ ಅರವತ್ತೊಂದು ಸಲ.

ತಂತಿ ಕಿತ್ತದ್ದರಿಂದ ಇದು ಕೆಟ್ಟಿರಲಿಲ್ಲ. ಇದು ಇಲ್ಲಿಂದ ಹೋಗುವಾಗಲೇ ಕೆಟ್ಟಿತ್ತು.

ನೋಟುಬುಕ್ಕು ತೆಗೆದು ಸೆಪ್ಟೆಂಬರಿನ ಪುಟ ನೋಡಿದಳು. ಐದೂ ಸಾಲು ಸರಿಯಾಗಿದ್ದವು. ಐದೂ ಗುರುತು. ಎರಡನೇ ಸಾಲಿನಲ್ಲಿ 'ರಷ್ಯನ್' ಎಂದಿತ್ತು, ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಕಿರ್ಗಿಜ್'. ನೋಡಿದವರು ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಆದರೆ ಬುರುಲ್ ಆ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಮತ್ತೆ ಓದಿದಳು. ಅವು ಸಣ್ಣವಾದದ್ದು ಜಾಗವಿರಲಿಲ್ಲವೆಂದು. ಜಾಗವಿಲ್ಲದ್ದು, ಅವು ಆಮೇಲೆ ಬಂದದ್ದರಿಂದ.

ಆ ಅಚ್ಚು ಮಾಡಿದ ದಿನ ಅವಳ ಅತ್ತೆ ತೀರಿಕೊಂಡ ನಲವತ್ತನೆಯ ದಿನ, ನೆಂಟರಿಗೆಲ್ಲ ಕುರಿ ಕಡಿದು ಊಟ. ಬೆಳಗ್ಗೆ ಬೇಗ ಕಚೇರಿಗೆ ಬಂದು ರಷ್ಯನ್ ಅಚ್ಚಿಗೆ ದಪ್ಪ ಅಪ್‌ಡೇಟನ್ನು ಹಚ್ಚಿ, ಅದು ಮುಗಿದ ಮೇಲೆ ನಾಲ್ಕನೇ ಸಾಲಿಗೆ ಗುರುತು ಹಾಕಿ, ಹನ್ನೊಂದೂವರೆಗೆ ಮನೆಗೆ ಓಡಿದ್ದಳು. ಒಲೆಯ ಬಳಿ ನಿಂತು ಯಾವ ಎಲುಬು ಯಾವ ತಟ್ಟೆಗೆ ಎಂದು ಎಣಿಸಿ ಕೊಟ್ಟವಳು ಅವಳೇ. ಹಂಚಿ ಮುಗಿದು ಎಲ್ಲರೂ ಕೈ ಹಾಕಬೇಕು ಎನ್ನುವಾಗ ಅತ್ತೆಯ ಅಣ್ಣ, ಎಂಬತ್ತಾರು ವರ್ಷದ ಮುದುಕ, ದೂರದ ಊರಿನಿಂದ ಬಂದಿಳಿದ. ಯಾರೂ ಗೊಣಗಲಿಲ್ಲ. ಎಲ್ಲರ ಮುಂದಿನ ಮಾಂಸವನ್ನೂ ಎತ್ತಿ ದೊಡ್ಡ ತಟ್ಟೆಗೆ ವಾಪಸು ಹಾಕಿ, ಮುದುಕನನ್ನು ಬಾಗಿಲಿಗೆ ಎದುರಾದ ಹಿರಿಯ ಜಾಗದಲ್ಲಿ ಕೂರಿಸಿ, ಮತ್ತೆ ಮೊದಲಿನಿಂದ ಹಂಚಿದರು. ಬುರುಲ್ ಮತ್ತೆ ಎಣಿಸಿ ಕೊಟ್ಟಳು. ಒಂದೂ ತಪ್ಪಲಿಲ್ಲ.

ನಾಲ್ಕು ಗಂಟೆಗೆ ಮುಖ್ಯಸ್ಥರ ಫೋನು. ರಾಜಧಾನಿಯಿಂದ ಕಾಗದ ಬಂದಿದೆ, ಹಳ್ಳಿಯ ದವಾಖಾನೆಗಳ ಕಂಪ್ಯೂಟರಿನಲ್ಲಿ ಕಿರ್ಗಿಜ್ ಭಾಷೆ ಇರಲೇಬೇಕು, ನಾಳೆ ಬೆಳಗ್ಗೆ ಆರು ಯಂತ್ರ ಹೊರಡಬೇಕು. ಇಲ್ಲಿ ಎಲ್ಲವೂ ಹೀಗೇ. ಫಲಕವಿರಲಿ, ಫಾರಮ್ಮಿರಲಿ, ಭಾಷಣವಿರಲಿ, ಮೊದಲು ರಷ್ಯನ್ನಿನಲ್ಲಿ ಪೂರ್ತಿ ಮುಗಿಸಿ, ಕಡೆಗೆ ಯಾರೋ ನೆನಪು ಮಾಡಿದಾಗ ನಮ್ಮ ಭಾಷೆಯನ್ನು ಮೇಲೆ ಅಂಟಿಸುವುದು. ಯಾರಿಗೂ ಅದು ವಿಚಿತ್ರ ಎನಿಸುವುದಿಲ್ಲ. ಆ ದಿನ ಬುರುಲ್‌ಗೂ ಎನಿಸಲಿಲ್ಲ. ಮೈಯೆಲ್ಲ ಕೊಬ್ಬಿನ ವಾಸನೆ ಹೊತ್ತು ಕಚೇರಿಗೆ ಬಂದು, ಕೂತರೆ ಮತ್ತೆ ಏಳಲಾರೆ ಎಂದು ನಿಂತೇ, ಮುಗಿದಿದ್ದ ಅಚ್ಚಿಗೆ ಕಿರ್ಗಿಜ್ ಸೇರಿಸಿ, ಎರಡನೇ ಸಾಲಿನ ಪಕ್ಕ ಅದನ್ನು ಬರೆದು, ಮುಂದೆ ನೋಡಿದಳು. ಮೂರನೇ ಸಾಲಿಗೆ ಗುರುತಿತ್ತು. ನಾಲ್ಕನೆಯದಕ್ಕೂ ಇತ್ತು. ಬಾಗಿಲು ಹಾಕಿ ಆರು ಯಂತ್ರಗಳಿಗೂ ಇಳಿಸಿಬಿಟ್ಟಳು.

ಭಾಷೆ ಆಮೇಲೆ ಬಂದರೆ ದಪ್ಪ ಅಪ್‌ಡೇಟನ್ನು ಮತ್ತೆ ಹಾಕಬೇಕು. ಹಾಕದಿದ್ದರೆ ಉಳಿದವರೆಲ್ಲ ಹೊಸಬರು, ಕಿರ್ಗಿಜ್ ಒಂದು ಹಳೆಯದೇ ಆಗಿ ಒಳಗೆ ಕೂತಿರುತ್ತದೆ. ಎರಡು ತಿಂಗಳು ಏನೂ ಗೊತ್ತಾಗುವುದಿಲ್ಲ. ಮುಂದಿನದು ಬಂದು ಲೆಕ್ಕ ತಾಳೆಯಾಗದೆ ನಿಂತಾಗ ಗೊತ್ತಾಗುತ್ತದೆ. ಇದು ಬುರುಲ್‌ಗೆ ತಿಳಿಯದ್ದಲ್ಲ. ಅವಳ ಗುರುತು 'ಆಯಿತು' ಎಂದಷ್ಟೇ ಹೇಳುತ್ತಿತ್ತು, ಯಾವಾಗ ಆಯಿತು ಎಂದು ಹೇಳುತ್ತಿರಲಿಲ್ಲ. ಕಂಪ್ಯೂಟರಿನ ದಿನಚರಿ ಹೇಳುತ್ತಿತ್ತು: ಅಪ್‌ಡೇಟು ಹನ್ನೊಂದೂ ಇಪ್ಪತ್ತು, ಕಿರ್ಗಿಜ್ ನಾಲ್ಕೂ ನಲವತ್ತು.

ಬುರುಲ್ ಕುರ್ಚಿಗೆ ಒರಗಿ ಕೂತಳು. ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದಣಿವಾಯಿತು.

ಆರರಲ್ಲಿ ಉಳಿದ ಐದು ಇನ್ನೂ ಯಾಕೆ ಕೆಟ್ಟಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಐದು ಊರಿನವರು ಪೆನ್‌ಡ್ರೈವನ್ನು ತಗೊಂಡು, ರಹಮತ್ ಎಜೆ ಎಂದು ಥ್ಯಾಂಕ್ಸ್ ಹೇಳಿ, ಡ್ರಾಯರಿಗೆ ಹಾಕಿ ಮರೆತಿರುತ್ತಾರೆ. ಬಂದ ದಿನವೇ, ಚೀಟಿಯಲ್ಲಿ ಬರೆದಂತೆ ಬಿಡದೆ ಮಾಡಿದವಳು ಅಸಿಪಾ ಒಬ್ಬಳೇ. ಹೇಳಿದ ಮಾತು ಕೇಳಿದ್ದಕ್ಕೆ ಅವಳ ಕೆಲಸ ಹೋಗುವುದರಲ್ಲಿತ್ತು.

ದಾರಿ ಸುಲಭವಿತ್ತು. 'ಬುಧವಾರ ಎರಡೂ ಹತ್ತಕ್ಕೆ ವಿದ್ಯುತ್ ಸಂಪರ್ಕ ತಪ್ಪಿದೆ' ಎಂದು ಬರೆದರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಐವರಿಗೆ, ಹಳೆಯ ಪೆನ್‌ಡ್ರೈವ್ ವಾಪಸು ಕಳಿಸಿ ಎಂದು ಫೋನು ಮಾಡಿದರೆ ಯಾಕೆ ಎಂದೂ ಕೇಳುವುದಿಲ್ಲ. ಏಪ್ರಿಲಿನಲ್ಲಿ ನಿಲುವಂಗಿ. ಬುರುಲ್ ಇದನ್ನೆಲ್ಲ ಯೋಚಿಸಲಿಲ್ಲ ಎಂದು ನಾನು ಹೇಳುವುದಿಲ್ಲ. ಕೆಟಲ್ಲಿನಲ್ಲಿ ನೀರು ಕುದಿದು ತಾನಾಗಿ ಆರುವಷ್ಟು ಹೊತ್ತು ಯೋಚಿಸಿದಳು. ಆಮೇಲೆ ಬಿಳಿ ಹಾಳೆ ತೆಗೆದು, ತಪ್ಪು ಅಚ್ಚಿನಲ್ಲಿದೆ, ಅಚ್ಚು ಮಾಡಿದವಳು ನಾನು ಎಂದು ದಿನಚರಿಯ ಆ ಎರಡೂ ಸಮಯಗಳನ್ನು ನಮೂದಿಸಿ ಬರೆದು, ಮೆಟ್ಟಿಲು ಹತ್ತಿದಳು.

ಮುಖ್ಯಸ್ಥ ಎಸೆನ್‌ಬೆಕ್ ತುರಾತೊವಿಚ್ ನಲವತ್ತೊಂದರವನು, ಹಲ್ಲಿನ ಡಾಕ್ಟರಾಗಿದ್ದವನು. ಕೆಟ್ಟವನಲ್ಲ. ಅವನಿಗೂ ದಿನಕ್ಕೆ ನಲವತ್ತು ಕಾಗದ ಬರುತ್ತಿದ್ದವು. ಬುರುಲ್ ತಂದದ್ದನ್ನು ಓದಿ, ಕನ್ನಡಕ ತೆಗೆದು, ಮೇಜಿನ ಮೇಲಿದ್ದ ಇನ್ನೊಂದು ಹಾಳೆಯನ್ನು ಅವಳ ಕಡೆ ಸರಿಸಿದ. ಅಸಿಪಾಳ ಬರಹ, ಶಾಲೆಯ ಮಕ್ಕಳಂತೆ ದುಂಡಗೆ. 'ಕಂಪ್ಯೂಟರಿನ ತಂತಿಯನ್ನು ನಾನೇ ಕಿತ್ತೆ. ತಪ್ಪಾಯಿತು.' ಮೂಲೆಯಲ್ಲಿ ಆವಕ ಪುಸ್ತಕದ ನಂಬರು ಬಿದ್ದಿತ್ತು, ನಾನೂರ ಹನ್ನೆರಡು.

"ಅವಳೇ ಒಪ್ಕೊಂಡಿದಾಳಲ್ಲ ಎಜೆ. ನಂಬರೂ ಬಿದ್ದಾಯ್ತು. ಈಗ ನೀವು ನಾನೂರ ಹದಿಮೂರು ತಂದ್ರೆ ನಾನೇನು ಮಾಡ್ಲಿ?"

"ಹೆದರಿ ಬರೆದಿರ್ತಾಳೆ. ಅವಳು ಕಿತ್ತಿರ್ಲಿ ಬಿಡ್ಲಿ, ಅದಕ್ಕೆ ಮುಂಚೆ ಅರವತ್ತೊಂದು ಸಲ ಅದು ತಾನಾಗೇ ಬಿದ್ದೆದ್ದಿದೆ."

ಅದು ಹೇಗೆ ಎಂದು ಅವನು ಕೇಳಿದ. ಬುರುಲ್ ಹೇಳಿದ್ದು ಅವನಿಗೆ ಹತ್ತಲಿಲ್ಲ, ಕಣ್ಣು ಗಡಿಯಾರದ ಕಡೆ ಹೋಯಿತು. ಆಗ ಅವಳು, ನಿಂತಲ್ಲೇ, ಬೇರೆ ಥರ ಕೇಳಿದಳು.

"ನಿಮ್ಮ ಮನೇಲಿ ಎಲ್ರಿಗೂ ಮಾಂಸ ಹಂಚಾದ ಮೇಲೆ ನಿಮ್ಮ ದೊಡ್ಡಪ್ಪ ಬಂದ್ರೆ ಏನ್ಮಾಡ್ತೀರಿ?"

"ಎಲ್ಲಾ ಎತ್ತಿ ಮತ್ತೆ ಹಂಚ್ತೀವಿ. ಇನ್ನೇನ್ಮಾಡೋದು."

"ನಾನು ಎತ್ತಲಿಲ್ಲ. ದೊಡ್ಡಪ್ಪನ್ನ ಬಾಗಿಲ ಹತ್ರ ಕೂರಿಸಿ ಕೈಗೊಂದು ಎಲುಬು ಕೊಟ್ಟೆ. ಅಷ್ಟೇ ಆದದ್ದು."

ಎಸೆನ್‌ಬೆಕ್ ಕನ್ನಡಕ ಮತ್ತೆ ಹಾಕಿಕೊಂಡ. ಇದು ಅವನಿಗೆ ಅರ್ಥವಾಯಿತು. ದೊಡ್ಡಪ್ಪ ತಡವಾಗಿ ಬಂದದ್ದು ಯಾರಿಂದ ಎಂಬುದೂ ಅರ್ಥವಾಯಿತು. ರಾಜಧಾನಿಯ ಆ ಕಾಗದ ಅವನ ಮೇಜಿಗೆ ಬಂದದ್ದು ಸೆಪ್ಟೆಂಬರಿನ ಆ ಗುರುವಾರವಲ್ಲ. ಅದಕ್ಕೆ ಒಂಬತ್ತು ದಿನ ಮೊದಲು, ಮೂಲೆಯಲ್ಲಿದ್ದ ಆವಕದ ತಾರೀಖನ್ನು ಬುರುಲ್ ಕೂಡ ನೋಡಿದ್ದಳು. ನಮ್ಮ ಭಾಷೆಯ ಬಗ್ಗೆ ಬರುವ ಕಾಗದಗಳು ಯಾವ ಮೇಜಿನಲ್ಲೂ ತಳಕ್ಕೇ ಇಳಿಯುತ್ತವೆ. ಅವನು ಬುರುಲ್‌ಳ ವರದಿಯನ್ನು ಮತ್ತೆ ಕೈಗೆತ್ತಿಕೊಂಡು ಎರಡನೇ ಸಲ ಓದಿದ. ಆ ಒಂಬತ್ತು ದಿನ ಅದರಲ್ಲಿದೆಯೇ ಎಂದು ನೋಡುತ್ತಿದ್ದಾನೆ ಎಂದು ಬುರುಲ್‌ಗೆ ತಿಳಿಯಿತು. ಇರಲಿಲ್ಲ. ಅದನ್ನೂ ಬರೆದು, ಅದಕ್ಕೊಂದು ವಿಚಾರಣೆ, ಅದಕ್ಕೆ ಇನ್ನೊಂದು ವಿವರಣೆ ಪತ್ರ ಎಂದು ಎಳೆದಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಛೀಮಾರಿ ಯಾರ ಹೆಸರಿಗಾದ್ರೂ ಹೋಗ್ಲೇಬೇಕು ಎಜೆ. ಮೇಲಿನೋರು ಕೇಳ್ತಾರೆ."

"ನನ್ನ ಹೆಸರಿಗೆ ಬರೀರಿ. ಅದಕ್ಕೇ ತಂದದ್ದು."

"ಏಪ್ರಿಲ್‌ನಲ್ಲಿ ಗೌರವಪತ್ರ ಕೊಡೋಕಾಗಲ್ಲ ಆಮೇಲೆ."

"ನಿಲುವಂಗಿಗೆ ಅಡ್ಡಿಯಿಲ್ಲ ತಾನೆ? ನಮ್ಮನೇಲಿ ತುಂಬಾ ಚಳಿ."

ಅವನು ನಗಲು ಹೋಗಿ, ಆಗದೆ, ಸಹಿ ಹಾಕಿದ. ತನ್ನ ಒಂಬತ್ತು ದಿನದ ಮಾತು ಎತ್ತಲಿಲ್ಲ. ಹೊರಗಿನ ಕೋಣೆಯಲ್ಲಿ ಮಾಯ್ರಾಮ್ ಎಂಬ ಗುಮಾಸ್ತೆ ನಾನೂರ ಹದಿಮೂರು ಎಂದು ಬರೆದಳು. ಮೇಲಿನ ಸಾಲನ್ನು ಹೊಡೆದು ಹಾಕುತ್ತೀಯಾ ಎಂದು ಬುರುಲ್ ಕೇಳಿದ್ದಕ್ಕೆ, ಆವಕ ಪುಸ್ತಕದಲ್ಲಿ ಹೊಡೆದು ಹಾಕುವ ಪದ್ಧತಿ ಇಲ್ಲ ಎಜೆ ಎಂದಳು. ಅಸಿಪಾಳ ಒಪ್ಪಿಗೆ ಮೇಲೆ, ಬುರುಲ್‌ಳದು ಕೆಳಗೆ, ಎರಡೂ ಅಲ್ಲೇ ಉಳಿದವು.

ಅಸಿಪಾ ಮೆಟ್ಟಿಲ ಕೆಳಗೆ ಖಾಲಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆಲಸ ಹೋಗುವುದಿಲ್ಲ, ಛೀಮಾರಿ ನಿನಗಲ್ಲ ಎಂದು ಬುರುಲ್ ಹೇಳಿದಾಗ ಕುಣಿಯಲೂ ಇಲ್ಲ, ಅಳಲೂ ಇಲ್ಲ. "ಹಾಗಾದ್ರೆ ಯಾರಿಗೆ?" ಎಂದಳು. ಬುರುಲ್ ಯಂತ್ರದ ಮುಂದೆ ಕೂತಳು. ನಾಲ್ಕೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಅಚ್ಚನ್ನು ಬುಡದಿಂದ ಶುರು ಮಾಡಿದಳು. ನೋಟುಬುಕ್ಕಿನಲ್ಲಿ ಹೊಸ ಪುಟ. ಒಂದನೇ ಸಾಲು, ಚಿಕ್ಕ ತುಣುಕು. ಎರಡನೇ ಸಾಲಿನಲ್ಲಿ ಈ ಸಲ 'ಕಿರ್ಗಿಜ್' ಎಂದು ಮೊದಲು ದೊಡ್ಡದಾಗಿ ಬರೆದು, ಪಕ್ಕದಲ್ಲಿ 'ರಷ್ಯನ್' ಎಂದು ಬರೆದಳು. ಯಂತ್ರಕ್ಕೆ ಅವೆರಡರಲ್ಲಿ ಯಾವುದು ಮುಂದಾದರೂ ಒಂದೇ, ಅವಳಿಗೆ ಒಂದೇ ಆಗಿರಲಿಲ್ಲ. ಮೂರನೇ ಸಾಲು ಮುಗಿಯಿತು. ಒಂದು ಗಂಟೆಗೆ ದಪ್ಪ ಅಪ್‌ಡೇಟು ಹತ್ತಿತು. ಇನ್ನು ಒಂದೂಕಾಲು ಗಂಟೆ ಕಾಯುವುದೊಂದೇ ಕೆಲಸ.

ಬುರುಲ್ ಎರಡು ಬಟ್ಟಲಿಗೆ ಚಹಾ ಬಗ್ಗಿಸಿದಳು. ರೊಟ್ಟಿ ಮುರಿದು, ಜರ್ದಾಳು ಹಣ್ಣಿನ ಜಾಮಿನ ಸೀಸೆಯನ್ನು ಅಸಿಪಾಳ ಕಡೆ ಸರಿಸಿದಳು. ಆಗ ಅವಳಿಗೆ ಕಳೆದ ವಾರದ ಫೋನು ನೆನಪಾಯಿತು. ಕಂಪ್ಯೂಟರ್ ಹತ್ತುತ್ತಿಲ್ಲ ಎಂದು ಅಸಿಪಾ ಫೋನು ಮಾಡಿದಾಗ ಅವಳು ಲೆಕ್ಕಪತ್ರದವರ ಪ್ರಿಂಟರಿನೊಳಗೆ ಕೈ ಹಾಕಿಕೊಂಡಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಕೇಳಿದ್ದ ಮೊದಲ ಮಾತು, ತಂತಿ ಕಿತ್ತೆಯಾ ಎಂದು. ಆ ಕಡೆಯಿಂದ, ಇರಬಹುದು ಎಜೆ ಎಂಬ ಉತ್ತರ. ಅದೇ ಸಂಜೆ ಮೆಟ್ಟಿಲಲ್ಲಿ ಎದುರಾದ ಮುಖ್ಯಸ್ಥರಿಗೆ, ತಂತಿ ಕಿತ್ತಿದ್ದಾಳಂತೆ ಎಂದು ಬುರುಲ್ ತಾನೇ ಹೇಳಿದ್ದಳು. ಛೀಮಾರಿಯ ಮಾತು ಹುಟ್ಟಿದ್ದು ಅಲ್ಲಿಂದ.

"ಅಸಿಪಾ, ಆ ದಿನ ಏನಾಯ್ತು? ಮೊದಲಿಂದ ಹೇಳು."

"ಈಗ್ಯಾಕೆ ಎಜೆ? ಮುಗೀತಲ್ಲ."

"ಮೊದ್ಲೇ ಕೇಳ್ಬೇಕಿತ್ತು. ಕೇಳಲಿಲ್ಲ."

ಅಸಿಪಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹೇಳತೊಡಗಿದಳು. ಸೋಮವಾರ ಚೀಟಿಯಲ್ಲಿದ್ದಂತೆ ಪೆನ್‌ಡ್ರೈವ್ ಹಾಕಿದ್ದಳು. ಪರದೆಯ ಮೇಲೆ ನಮ್ಮದೇ ಭಾಷೆಯಲ್ಲಿ, ಆರಿ ಹೋಗದಂತೆ ನೋಡಿಕೊಳ್ಳಿ ಎಂದು ಬಂತು. ನಮ್ಮ ಭಾಷೆಯಲ್ಲಿ ಕಂಪ್ಯೂಟರ್ ಮಾತಾಡಿದ್ದು ಅವಳಿಗೆ ಖುಷಿಯಾಯಿತು, ಅಜ್ಜಿಯೊಬ್ಬಳು ಹೇಳಿದಂತೆ ಇತ್ತು ಎಂದಳು. ಅದು ಹೋಯಿತು, ಬಂತು, ಹೋಯಿತು, ಬಂತು. ಮಂಗಳವಾರ ಲಸಿಕೆಯ ದಿನ. ಹತ್ತೊಂಬತ್ತು ಮಕ್ಕಳು, ಕೋಣೆ ಇಷ್ಟೇ ಇಷ್ಟು. ಯಾರದಾದರೂ ಕಾಲಿಗೆ ತಂತಿ ಸಿಕ್ಕಿಬಿಟ್ಟರೆ ಎಂದು ಬೆಂಚನ್ನು ಹೊರಗೆ ಹಾಕಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದಳು. ತಾಯಂದಿರು ಚಳಿಯಲ್ಲಿ ನಿಂತು ಬೈದರು. ಅದಕ್ಕೂ ಭರವಸೆ ಸಾಲದೆ ಪ್ಲಗ್ಗನ್ನು ಗೋಡೆಗೇ ಸೇರಿಸಿ ಪ್ಲಾಸ್ಟರು ಸುತ್ತಿದಳು. ಬುಧವಾರ ಮಧ್ಯಾಹ್ನ ಇಡೀ ಊರಿಗೇ ಕರೆಂಟು ಹೋಯಿತು. ಬಂದ ಮೇಲೆ ಅದು ಹತ್ತಲಿಲ್ಲ.

ಬುರುಲ್ ಮೇಜಿನ ಮೇಲೆ ಬಿದ್ದಿದ್ದ ತಂತಿಯ ತುದಿಯನ್ನು ನೋಡಿದಳು. ಬೆಳಗ್ಗೆಯೂ ಆ ಪ್ಲಾಸ್ಟರನ್ನು ನೋಡಿದ್ದಳು, ಕಿತ್ತ ಮೇಲೆ ಅಂಟಿಸಿದ್ದು ಎಂದುಕೊಂಡು.

"ಮತ್ತೆ ನಾನೇ ಕಿತ್ತೆ ಅಂತ ಯಾಕೆ ಬರೆದೆ?"

ಅಸಿಪಾಳಿಗೆ ಈ ಪ್ರಶ್ನೆಯೇ ಸೋಜಿಗವೆನಿಸಿತು. "ನೀವು ಕೇಳಿದ್ರಲ್ಲ ಎಜೆ, ಕಿತ್ತೆಯಾ ಅಂತ. ನಿಮಗೆ ಇದೆಲ್ಲ ಗೊತ್ತಿರುತ್ತೆ. ನನಗೇ ಗೊತ್ತಿಲ್ದೆ ಕಿತ್ತಿರ್ಬೇಕು ಅಂದ್ಕೊಂಡೆ."

ಬುರುಲ್ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಮೂವತ್ತೊಂದು ವರ್ಷದ ಪುಸ್ತಕಕ್ಕೆ ಬಿದ್ದ ಚುಕ್ಕೆ ಬೆಳಗ್ಗೆಯಿಂದ ಎದೆಯಲ್ಲಿ ಕೂತಿತ್ತು. ಈಗ ಅದು ಬಹಳ ಸಣ್ಣದಾಗಿ ಕಂಡಿತು, ವಿಚಾರಿಸದೆ ಈ ಹುಡುಗಿಯ ಮೇಲೆ ಹೊರಿಸಿದ್ದು, ಯಾವ ಕಾಗದದಲ್ಲೂ ಬರೆಯದೆ ಉಳಿದದ್ದು, ದೊಡ್ಡದಾಯಿತು. "ತಪ್ಪು ನಂದು ಅಸಿಪಾ," ಎಂದಳು. "ಕಂಪ್ಯೂಟರಿಂದೊಂದೇ ಅಲ್ಲ." ಅಸಿಪಾ ತಲೆಯಾಡಿಸಿ, ತನ್ನ ಬಟ್ಟಲಿಗೂ ಅವಳ ಬಟ್ಟಲಿಗೂ ಮತ್ತೆ ಚಹಾ ಬಗ್ಗಿಸಿದಳು.

ಎರಡೂ ಹದಿನೇಳಕ್ಕೆ ನಾಲ್ಕನೇ ಸಾಲು ಮುಗಿಯಿತು. ಬುರುಲ್ ಅದರ ಮುಂದೆ ಗಂಟೆ ನಿಮಿಷ ಬರೆದು, ಆಮೇಲೆ ಗುರುತು ಹಾಕಿದಳು. ಅಚ್ಚು ಅಸಿಪಾಳ ಯಂತ್ರಕ್ಕೆ ಇಳಿಯಿತು, ನವೆಂಬರಿನದೂ ಅದರ ಮೇಲೆ ಒಂದೇ ಏಟಿಗೆ ಕೂತಿತು. ನಾಲ್ಕು ಗಂಟೆಗೆ ಇಬ್ಬರೂ ಸೇರಿ ಅದನ್ನು ಕೌದಿಯಲ್ಲಿ ಸುತ್ತಿದರು. ಅಸಿಪಾ ಪ್ಲಗ್ಗಿನ ಪ್ಲಾಸ್ಟರನ್ನು ಸುಲಿದು ಹಾಕಲು ಹೋದಳು, ಬುರುಲ್ ಬೇಡವೆಂದು ಕೈ ಹಿಡಿದು, ತಂತಿಯನ್ನು ಹಾಗೆಯೇ ಕೌದಿಯೊಳಗೆ ಮಡಚಿ ಇಟ್ಟಳು.